ಮೋಡದ ಅಡಿಪಾಯ

2019ರ ಜುಲೈ 10ರಂದು ಮ್ಯಾಂಚೆಸ್ಟರಿನ ಓಲ್ಡ್ ಟ್ರ್ಯಾಫರ್ಡ್ ಮೈದಾನದಲ್ಲಿ, ಹಿಂದಿನ ದಿನ ಮಳೆಯಿಂದ ಅರ್ಧಕ್ಕೇ ನಿಂತಿದ್ದ ವಿಶ್ವಕಪ್ ಸೆಮಿಫೈನಲ್ ಪಂದ್ಯದ 49ನೇ ಓವರಿನಲ್ಲಿ, ಮಾರ್ಟಿನ್ ಗಪ್ಟಿಲ್ ಎಸೆದ ಚೆಂಡು ನೇರವಾಗಿ ವಿಕೆಟ್ಟಿಗೆ ಬಡಿದು ಮಹೇಂದ್ರ ಸಿಂಗ್ ಧೋನಿ ರನೌಟ್ ಆದರು. ಆ ಪಂದ್ಯವನ್ನು ಹಾಟ್‌ಸ್ಟಾರ್ ತಾಣದಲ್ಲಿ ಏಕಕಾಲಕ್ಕೆ ನೋಡುತ್ತಿದ್ದವರ ಸಂಖ್ಯೆ 2 ಕೋಟಿ 53 ಲಕ್ಷದವರೆಗೆ ಏರಿತ್ತು. ಧೋನಿ ತಲೆತಗ್ಗಿಸಿ ಪೆವಿಲಿಯನ್ನಿನತ್ತ ನಡೆದಾಗ ಆ ಸಂಖ್ಯೆಯ ನಕ್ಷೆ ಕಡಿದಾದ ಬಂಡೆಯ ಅಂಚಿನಿಂದ ಜಾರಿಬಿದ್ದಂತೆ ಕೆಳಗಿಳಿಯಿತು.

ಜನ ಕಡಿಮೆಯಾದರೆ ಯಂತ್ರಗಳಿಗೆ ಬಿಡುವು ಸಿಗುತ್ತದೆ ಎಂದು ಹೊರಗಿನವರಿಗೆ ತೋರುತ್ತದೆ. ಒಳಗೆ ಕೂತ ಎಂಜಿನಿಯರುಗಳಿಗೆ ಮಾತ್ರ ಏರಿಕೆಯಷ್ಟೇ ಇಳಿಕೆಯೂ ಆತಂಕದ್ದು. ನೇರಪ್ರಸಾರದ ದೃಶ್ಯ ಎಲ್ಲರಿಗೂ ಒಂದೇ ಆಗಿರುವುದರಿಂದ ಅದರ ಪ್ರತಿಗಳನ್ನು ಊರೂರಿನ ಯಂತ್ರಗಳಲ್ಲಿಟ್ಟು ಹಂಚುವುದು ತಕ್ಕಮಟ್ಟಿಗೆ ಸುಲಭ. ಆದರೆ ಬೇಸರಗೊಂಡ ಪ್ರೇಕ್ಷಕ ಮೊಬೈಲಿನಲ್ಲಿ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಬಂದು ನಿಲ್ಲುವುದು ಮುಖಪುಟಕ್ಕೆ. ಆ ಪುಟ ಒಬ್ಬೊಬ್ಬರಿಗೂ ಬೇರೆ. ಅವರ ಭಾಷೆ ಯಾವುದು, ಅರ್ಧಕ್ಕೆ ಬಿಟ್ಟ ಧಾರಾವಾಹಿ ಯಾವುದು, ಮುಂದೇನು ಇಷ್ಟವಾದೀತು ಎಂಬುದನ್ನೆಲ್ಲ ಆ ಕ್ಷಣದಲ್ಲೇ ಲೆಕ್ಕ ಹಾಕಿ ಕೊಡಬೇಕು. ಕೋಟಿಗಟ್ಟಲೆ ಜನ ಒಂದೇ ನಿಮಿಷದಲ್ಲಿ ಹೀಗೆ ಹಿಂದಿರುಗಿದರೆ ನೋಟಕ್ಕೆ ಬಂದ ಜನಸಾಗರಕ್ಕಿಂತ ಹೊರಡುವ ಜನಸಾಗರವೇ ಭಾರವಾಗುತ್ತದೆ. ಜಾತ್ರೆಯಲ್ಲಿ ನೂಕುನುಗ್ಗಲಾಗುವುದು ತೇರು ಎಳೆಯುವಾಗ ಮಾತ್ರವಲ್ಲ, ತೇರು ನೆಲೆಗೆ ಬಂದು ಜನ ಮನೆಯತ್ತ ತಿರುಗಿದಾಗಲೂ.

ಹಾಟ್‌ಸ್ಟಾರ್ ಆ ದಿನ ಕುಸಿಯಲಿಲ್ಲ. ಅದು ಓಡುತ್ತಿದ್ದುದು ತನ್ನ ಸ್ವಂತ ಯಂತ್ರಗಳ ಮೇಲಲ್ಲ, ಅಮೆಜಾನ್ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಯಂತ್ರಗಳ ಮೇಲೆ. ಇಂಥ ಬಾಡಿಗೆಯ ವ್ಯವಸ್ಥೆಗೆ ‘ಕ್ಲೌಡ್’, ಅಂದರೆ ಮೋಡ ಎಂದು ಹೆಸರು. ವರ್ಷದಲ್ಲಿ ಕೆಲವೇ ಗಂಟೆಗಳಿಗೆ ಬೇಕಾಗುವ ಸಾಮರ್ಥ್ಯವನ್ನು ಕೊಂಡು ಇಟ್ಟುಕೊಳ್ಳುವುದು ಯಾವ ವ್ಯಾಪಾರಕ್ಕೂ ಗಿಟ್ಟದು. ಕೊಂಡವರು ಕೂಡ ಅಂದಾಜು ತಪ್ಪುವುದುಂಟು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ಮಾರಾಟಕ್ಕೆ ಸುಮಾರು 5,000 ಸರ್ವರುಗಳನ್ನು ಸಜ್ಜುಗೊಳಿಸಿ, 20 ಪಟ್ಟು ದಟ್ಟಣೆಗೆ ತಯಾರಾಗಿತ್ತು. ಬಂದ ಜನ ಅದಕ್ಕಿಂತಲೂ ಹೆಚ್ಚು. ತಾಣ ತಡವರಿಸಿತು, ಮರುದಿನ ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು. ಎರಡು ಪ್ರಸಂಗಗಳ ವ್ಯತ್ಯಾಸವನ್ನು ‘ಒಬ್ಬರು ಮೋಡದಲ್ಲಿದ್ದರು, ಇನ್ನೊಬ್ಬರು ನೆಲದ ಮೇಲಿದ್ದರು’ ಎಂದು ಮುಗಿಸಿಬಿಡುವುದು ಸುಲಭ. ವಾಸ್ತವ ಅಷ್ಟು ಸರಳವಲ್ಲ. ಬಾಡಿಗೆಗೆ ಸಿಗುವುದು ಯಂತ್ರ. ಆ ಯಂತ್ರಗಳನ್ನು ಹೇಗೆ ಜೋಡಿಸಿದರೆ ವ್ಯವಸ್ಥೆ ನಿಲ್ಲುತ್ತದೆ ಎಂಬ ವಿನ್ಯಾಸ ಬಾಡಿಗೆದಾರನೇ ಮಾಡಿಕೊಳ್ಳಬೇಕಾದದ್ದು.

ಮೋಡ ಎಂಬ ಹೆಸರೇ ಒಂದಿಷ್ಟು ಮರೆಮಾಚುತ್ತದೆ. ದೂರವಾಣಿ ಮತ್ತು ಗಣಕಜಾಲಗಳ ನಕ್ಷೆ ಬರೆಯುವವರು, ಒಳಗೇನಿದೆ ಎಂದು ನೋಡುವವರು ತಲೆಕೆಡಿಸಿಕೊಳ್ಳಬೇಕಿಲ್ಲದ ಭಾಗವನ್ನು ಮೋಡದ ಆಕಾರದಲ್ಲಿ ಗೀಚಿ ತೋರಿಸುತ್ತಿದ್ದರು. ಆ ಗೀಚು ಈಗ ಉದ್ಯಮದ ಹೆಸರಾಗಿದೆ. ಗೀಚಿನ ಒಳಗಿರುವುದು ಮಾತ್ರ ತೀರಾ ಪಾರ್ಥಿವವಾದ ವಸ್ತುಗಳು: ಕಿಟಕಿಯಿಲ್ಲದ ದೊಡ್ಡ ಕಟ್ಟಡಗಳು, ಸಾಲುಸಾಲು ಕಪಾಟುಗಳಲ್ಲಿ ಜೋಡಿಸಿದ ಗಣಕಗಳು, ಅವುಗಳ ಬಿಸಿ ಹೊರಹಾಕುವ ಶೀತಲ ಯಂತ್ರಗಳು, ಕರೆಂಟು ಹೋದರೆ ಎಚ್ಚರಗೊಳ್ಳುವ ಬ್ಯಾಟರಿಗಳು, ಅವುಗಳ ಹಿಂದೆ ಡೀಸೆಲ್ ಜನರೇಟರುಗಳು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇ. 1.5ರಷ್ಟನ್ನು ಇಂಥ ದತ್ತಾಂಶ ಕೇಂದ್ರಗಳು ಬಳಸಿದವು.

ಗಣನ ಸಾಮರ್ಥ್ಯವನ್ನು ನಲ್ಲಿ ನೀರಿನಂತೆ, ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಿ ಒದಗಿಸಬಹುದೆಂಬ ವಿಚಾರವನ್ನು ಗಣಕವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಎಂ.ಐ.ಟಿ.ಯ ಶತಮಾನೋತ್ಸವದ ಉಪನ್ಯಾಸದಲ್ಲಿ ಮುಂದಿಟ್ಟಿದ್ದರು. ಅದು ಕಾರ್ಯರೂಪಕ್ಕೆ ಬರಲು ಒಂದು ಯಂತ್ರವನ್ನು ಹಲವಾಗಿ ತೋರಿಸುವ ಉಪಾಯ ಬೇಕಿತ್ತು. ಐಬಿಎಂ 1960ರ ದಶಕದಲ್ಲಿ ತನ್ನ ಬೃಹತ್ ಗಣಕಗಳಿಗಾಗಿ ರೂಪಿಸಿದ ಈ ಉಪಾಯವನ್ನು 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಸಾಮಾನ್ಯ ಗಣಕಗಳಿಗೆ ತಂದಿತು. 2003ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ‘ಜೆನ್’ ಎಂಬ ಮುಕ್ತ ತಂತ್ರಾಂಶವನ್ನು ಪ್ರಕಟಿಸಿದರು. ಹೈಪರ್‌ವೈಸರ್ ಎಂದು ಕರೆಯುವ ಈ ತೆಳುವಾದ ತಂತ್ರಾಂಶದ ಪದರ, ಒಂದು ಭೌತಿಕ ಗಣಕವನ್ನು ಹಲವು ಮಿಥ್ಯಾ ಯಂತ್ರಗಳಾಗಿ ಒಡೆದು, ಒಂದೊಂದಕ್ಕೂ ತಾನೇ ಪೂರ್ಣ ಯಂತ್ರವೆಂಬ ಭ್ರಮೆ ಹುಟ್ಟಿಸುತ್ತದೆ. ಹಳೆಯ ಮೈಸೂರಿನ ವಠಾರದಂತೆ: ಮನೆಗಳು ಬೇರೆ ಬೇರೆ, ಬೀಗಗಳು ಬೇರೆ ಬೇರೆ, ಸೂರು ಮತ್ತು ನೀರಿನ ತೊಟ್ಟಿ ಒಂದೇ. ವಠಾರದ ತಾಪತ್ರಯವೂ ಇಲ್ಲಿ ತಪ್ಪಿಲ್ಲ. ಒಂದು ಮನೆಯವರು ನಲ್ಲಿ ಪೂರಾ ತಿರುಗಿಸಿದರೆ ಪಕ್ಕದವರಿಗೆ ನೀರು ಸಣ್ಣಗಾಗುತ್ತದೆ. ಈ ಉದ್ಯಮದಲ್ಲಿ ಅದಕ್ಕೆ ‘ಗದ್ದಲದ ನೆರೆಹೊರೆ’ ಎಂದೇ ಹೆಸರು.

ಅಮೆಜಾನ್ 2006ರ ಮಾರ್ಚಿನಲ್ಲಿ ಎಸ್3 ಎಂಬ ಸಂಗ್ರಹ ಸೇವೆಯನ್ನೂ ಅದೇ ಆಗಸ್ಟಿನಲ್ಲಿ ಇಸಿ2 ಎಂಬ ಗಣನ ಸೇವೆಯನ್ನೂ ಬಾಡಿಗೆಗೆ ತೆರೆದ ಮೇಲೆ ಮೆಕಾರ್ಥಿಯವರ ಕಲ್ಪನೆಗೆ ಮೀಟರು ಬಂತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2011ರಲ್ಲಿ ಈ ವ್ಯವಸ್ಥೆಯ ಲಕ್ಷಣಗಳನ್ನು ಐದೆಂದು ನಿರೂಪಿಸಿತು. ಬೇಕೆಂದಾಗ ಯಾರನ್ನೂ ಕೇಳದೆ ಪಡೆಯುವುದು, ಜಾಲದ ಮೂಲಕ ಎಲ್ಲಿಂದಲಾದರೂ ತಲಪುವುದು, ಹಲವರು ಒಂದೇ ಸಂಪನ್ಮೂಲ ಹಂಚಿಕೊಳ್ಳುವುದು, ಬೇಗ ಹಿಗ್ಗಿ ಬೇಗ ಕುಗ್ಗುವುದು, ಬಳಸಿದಷ್ಟನ್ನೇ ಅಳೆದು ಬಿಲ್ಲು ಮಾಡುವುದು. ಐದರಲ್ಲಿ ಹೆಚ್ಚು ಆಸೆ ಹುಟ್ಟಿಸುವುದೂ ಹೆಚ್ಚು ಕಷ್ಟ ಕೊಡುವುದೂ ನಾಲ್ಕನೆಯದು.

ಹಿಗ್ಗುವ ಗುಣ ಯಂತ್ರಗಳಿಗೆ ಇದ್ದರೆ ಸಾಲದು, ಅವುಗಳ ಮೇಲೆ ಓಡುವ ತಂತ್ರಾಂಶಕ್ಕೂ ಇರಬೇಕು. ಕೂತು ತಿನ್ನುವ ಹಳೆಯ ಹೋಟೆಲಿನಲ್ಲಿ ಯಾವ ಮೇಜಿಗೆ ಏನು ಎಂಬುದು ಮಾಣಿಯ ತಲೆಯಲ್ಲಿರುತ್ತದೆ. ಅವನು ನಡುವೆ ಮನೆಗೆ ಹೋದರೆ ಮೂರನೆಯ ಮೇಜಿನ ಮಸಾಲೆದೋಸೆ ಬರುವುದೇ ಇಲ್ಲ. ಹೊಸಬ ಬಂದರೂ ಅವನಿಗೆ ಏನೂ ಗೊತ್ತಿರುವುದಿಲ್ಲ. ದರ್ಶಿನಿಯಲ್ಲಿ ಹಾಗಲ್ಲ. ಗಲ್ಲಾದಲ್ಲಿ ದುಡ್ಡು ಕೊಟ್ಟು ಪಡೆದ ಚೀಟಿಯೇ ಎಲ್ಲ ಹೇಳುತ್ತದೆ; ಕೌಂಟರಿನ ಹಿಂದೆ ಇರುವ ಯಾವ ಕೈ ಬೇಕಾದರೂ ಅದನ್ನು ನೋಡಿ ಬಡಿಸಬಹುದು, ಬೆಳಿಗ್ಗೆ ಎಂಟಕ್ಕೆ ನಾಲ್ವರನ್ನು ನಿಲ್ಲಿಸಿ ಹನ್ನೊಂದಕ್ಕೆ ಇಬ್ಬರನ್ನು ಒಳಗೆ ಕಳಿಸಬಹುದು. ಮೋಡದಲ್ಲಿ ಬಾಳುವ ತಂತ್ರಾಂಶ ದರ್ಶಿನಿಯಂತಿರಬೇಕು. ಗ್ರಾಹಕನ ನೆನಪನ್ನು ಯಾವ ಒಂದು ಸರ್ವರೂ ತನ್ನೊಳಗೆ ಇಟ್ಟುಕೊಳ್ಳದೆ, ಎಲ್ಲವನ್ನೂ ಹೊರಗಿನ ಒಂದು ಸಂಗ್ರಹದಲ್ಲಿ ಇಟ್ಟರೆ ಮಾತ್ರ ಸರ್ವರುಗಳನ್ನು ಸೇರಿಸುವುದೂ ಕಳೆಯುವುದೂ ಸಾಧ್ಯ. ಇದಕ್ಕೆ ಸ್ಥಿತಿರಹಿತ ವಿನ್ಯಾಸ ಎನ್ನುತ್ತಾರೆ. ಇಪ್ಪತ್ತು ವರ್ಷದ ಹಳೆಯ ಲೆಕ್ಕಪತ್ರ ತಂತ್ರಾಂಶವನ್ನು ಇದ್ದಂತೆಯೇ ಎತ್ತಿ ಮೋಡಕ್ಕೆ ಸಾಗಿಸುವ ಕಂಪನಿಗಳು ಮಾಣಿಯನ್ನೇ ದರ್ಶಿನಿಗೆ ಕರೆತಂದಂತೆ. ಬಾಡಿಗೆ ಹೊಸದು, ಬವಣೆ ಹಳೆಯದು.

ಎಷ್ಟೇ ಬೇಗ ಹಿಗ್ಗಿದರೂ ಹಿಗ್ಗಲು ಸಮಯ ಬೇಕು. ಹಾಟ್‌ಸ್ಟಾರಿನ ಎಂಜಿನಿಯರುಗಳು ವಿವರಿಸಿರುವಂತೆ ಪಂದ್ಯ ಬಿಸಿಯೇರಿದಾಗ ನಿಮಿಷಕ್ಕೆ ಸುಮಾರು 10 ಲಕ್ಷ ಹೊಸ ಪ್ರೇಕ್ಷಕರು ಒಳಬರುತ್ತಿದ್ದರು. ಯಂತ್ರ ಬಿಸಿಯಾಗಿದೆ ಎಂದು ಗುರುತಿಸಿ, ಹೊಸದನ್ನು ಕೇಳಿ, ಅದು ಎಚ್ಚರಗೊಂಡು ಕೆಲಸಕ್ಕೆ ನಿಲ್ಲುವಷ್ಟರಲ್ಲಿ ಪ್ರವಾಹ ತಲೆಯ ಮೇಲೆ ಹಾದಿರುತ್ತದೆ. ಆದ್ದರಿಂದ ಅವರು ಸೇವಾದಾರರು ಕೊಡುವ ಸ್ವಯಂಚಾಲಿತ ಹಿಗ್ಗುವಿಕೆಯನ್ನು ನೆಚ್ಚದೆ, ಇಷ್ಟು ಜನ ಬಂದರೆ ಇಷ್ಟು ಯಂತ್ರ ಎಂಬ ಸ್ವಂತ ಮೆಟ್ಟಿಲುಗಳನ್ನು ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಅದಕ್ಕೂ ಮೀರಿದರೆ ಶಿಫಾರಸು ಮಾಡುವಂಥ ಅಲಂಕಾರದ ಸೇವೆಗಳನ್ನು ನಿಲ್ಲಿಸಿ, ದೃಶ್ಯವೊಂದನ್ನೇ ಉಳಿಸಿಕೊಳ್ಳುವ ಏರ್ಪಾಟೂ ಇತ್ತು.

ಹೀಗೆ ಮುಖ್ಯವಾದದ್ದನ್ನು ಉಳಿಸಲು ಅಮುಖ್ಯವನ್ನು ಬಿಡುವ ಜಾಣ್ಮೆ ಕರ್ನಾಟಕದ ಬಯಲುಸೀಮೆಗೆ ಹೊಸದಲ್ಲ. ಅಲ್ಲಿ ಮಳೆ ಬರುವುದು ಕೆಲವೇ ದಿನ, ನೀರು ಬೇಕಾಗುವುದು ತಿಂಗಳುಗಟ್ಟಲೆ. ಕೆರೆ ಆ ಅಂತರವನ್ನು ತುಂಬುತ್ತದೆ: ಬಿರುಸಾಗಿ ಬಂದದ್ದನ್ನು ಹಿಡಿದಿಟ್ಟು, ತೂಬಿನ ಮೂಲಕ ಗದ್ದೆ ತಾಳುವಷ್ಟನ್ನೇ ಬಿಡುತ್ತದೆ. ಮೋಡದ ವಿನ್ಯಾಸದಲ್ಲಿ ಈ ಕೆಲಸ ಮಾಡುವುದು ಸರದಿ ಸಾಲು. ಬಂದ ಆದೇಶಗಳನ್ನು ಆ ಕ್ಷಣವೇ ಪೂರೈಸಲು ಹೋಗದೆ ಸಾಲಿನಲ್ಲಿ ಬರೆದಿಟ್ಟರೆ, ಹಿಂದಿನ ಯಂತ್ರಗಳು ತಮ್ಮ ತ್ರಾಣಕ್ಕೆ ತಕ್ಕಂತೆ ಒಂದೊಂದಾಗಿ ಎತ್ತಿಕೊಳ್ಳುತ್ತವೆ. ಆದರೆ ಕೆರೆ ಕಟ್ಟಿದವರು ತೂಬಿನಷ್ಟೇ ಮುತುವರ್ಜಿಯಿಂದ ಕೋಡಿಯನ್ನೂ ಕಟ್ಟಿದರು, ಏಕೆಂದರೆ ಹೆಚ್ಚುವರಿ ನೀರಿಗೆ ದಾರಿಯಿಲ್ಲದ ಕೆರೆಯ ಏರಿ ಒಂದು ದಿನ ಒಡೆಯುತ್ತದೆ. ತಂತ್ರಾಂಶ ಕಟ್ಟುವವರು ಹೆಚ್ಚಾಗಿ ಮರೆಯುವುದು ಈ ಕೋಡಿಯನ್ನೇ. ತಾಳಲಾರದಷ್ಟು ಬೇಡಿಕೆ ಬಂದಾಗ ಕೆಲವನ್ನು ಮರ್ಯಾದೆಯಿಂದ ‘ಈಗ ಆಗದು’ ಎಂದು ಹಿಂದೆ ಕಳಿಸದ ವ್ಯವಸ್ಥೆ, ಎಲ್ಲರನ್ನೂ ಒಳಗೆ ಬಿಟ್ಟುಕೊಂಡು ಯಾರಿಗೂ ಉತ್ತರ ಕೊಡಲಾಗದೆ ಕುಸಿಯುತ್ತದೆ. ಉತ್ತರ ಬಾರದವರು ಸುಮ್ಮನಿರುವುದಿಲ್ಲ. ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ಅವರ ಪರವಾಗಿ ತಂತ್ರಾಂಶವೂ ಮತ್ತೆ ಮತ್ತೆ ಕೇಳುತ್ತದೆ. ಒಂದು ಬೇಡಿಕೆ ಐದಾಗುತ್ತದೆ, ಬಿದ್ದವನ ಮೇಲೆ ಇನ್ನೂ ನಾಲ್ವರು ಬೀಳುತ್ತಾರೆ. ಪ್ರತಿ ಸೋಲಿನ ನಂತರ ಕಾಯುವ ಅವಧಿಯನ್ನು ಇಮ್ಮಡಿಸುವುದು, ಎಲ್ಲರೂ ಒಟ್ಟಿಗೆ ಮರಳಿ ಬಾರದಂತೆ ಅದಕ್ಕೆ ಒಂದಿಷ್ಟು ಯಾದೃಚ್ಛಿಕತೆ ಬೆರೆಸುವುದು ಇದಕ್ಕೆ ಕಂಡುಕೊಂಡ ಮದ್ದು. ಹಣದ ವ್ಯವಹಾರವಾದರೆ ಇನ್ನೂ ಒಂದು ಎಚ್ಚರ ಬೇಕು: ಒಂದೇ ಪಾವತಿಯ ಕೋರಿಕೆ ಎರಡು ಬಾರಿ ಬಂದರೂ ಖಾತೆಯಿಂದ ಹಣ ಒಮ್ಮೆ ಮಾತ್ರ ಕಳೆಯುವಂತೆ, ಪ್ರತಿ ವ್ಯವಹಾರಕ್ಕೂ ಬದಲಾಗದ ಒಂದು ಸಂಖ್ಯೆ.

ಹಿಗ್ಗುವುದರ ನಂತರ ಎರಡನೆಯ ದೊಡ್ಡ ಕಷ್ಟ ಯಂತ್ರಗಳ ಕೆಡುವಿಕೆಯದು. ಹಾರ್ಡ್ ಡಿಸ್ಕುಗಳಲ್ಲಿ ವರ್ಷಕ್ಕೆ ನೂರರಲ್ಲಿ ಒಂದೂವರೆಯಷ್ಟು ಕೆಡುತ್ತವೆ ಎಂದಿಟ್ಟುಕೊಂಡರೆ, ಒಂದು ಲಕ್ಷ ಡಿಸ್ಕುಗಳಿರುವ ಕಟ್ಟಡದಲ್ಲಿ ದಿನಕ್ಕೆ ನಾಲ್ಕು ಸಾಯುತ್ತವೆ. ಅಲ್ಲಿ ಕೆಡುವುದು ಅಪಘಾತವಲ್ಲ, ದಿನಚರಿ. ಅದರ ಜೊತೆಗೆ ಒಂದು ಮೋಸದ ಗಣಿತವೂ ಇದೆ. ಶೇ. 99.9ರಷ್ಟು ಹೊತ್ತು ಎಚ್ಚರವಾಗಿರುವ ಸೇವೆ ಎಂದರೆ ವರ್ಷಕ್ಕೆ ಹೆಚ್ಚುಕಡಿಮೆ ಎಂಟೂಮುಕ್ಕಾಲು ಗಂಟೆ ಮಾತ್ರ ಮಲಗುವ ಸೇವೆ. ಕೇಳಲು ಚೆನ್ನಾಗಿಯೇ ಇದೆ. ಆದರೆ ಇಂದಿನ ಒಂದು ಅಂಗಡಿ ತಾಣದ ಹಿಂದೆ ಹುಡುಕಾಟಕ್ಕೊಂದು, ಬೆಲೆಗೊಂದು, ದಾಸ್ತಾನಿಗೊಂದು, ಪಾವತಿಗೊಂದು ಎಂದು ಮೂವತ್ತು ಸೇವೆಗಳು ಸರಪಳಿಯಂತೆ ನಿಂತಿರುತ್ತವೆ. ಎಲ್ಲವೂ ಎಚ್ಚರವಿದ್ದರೆ ಮಾತ್ರ ಕೆಲಸ ನಡೆಯುವುದಾದರೆ 0.999ನ್ನು ಮೂವತ್ತು ಬಾರಿ ಗುಣಿಸಬೇಕು, ಉತ್ತರ ಶೇ. 97. ವರ್ಷದಲ್ಲಿ ಹತ್ತು ಹನ್ನೊಂದು ದಿನ ಅಂಗಡಿ ಮುಚ್ಚಿದಂತೆ. ಇದೇ ಗಣಿತ ಇನ್ನೊಂದು ಕಡೆಯಿಂದ ಉದಾರಿಯೂ ಹೌದು. ಶೇ. 99ರ ಎರಡು ಸಾಧಾರಣ ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದಿದ್ದರೂ ಸಾಕು ಎಂದು ಹೆಣೆದರೆ ಜೋಡಿಯ ಲಭ್ಯತೆ ಶೇ. 99.99ಕ್ಕೆ ಏರುತ್ತದೆ. ಒಂದು ಷರತ್ತು: ಎರಡೂ ಒಂದೇ ಕಾರಣಕ್ಕೆ ಒಟ್ಟಿಗೆ ಕೆಡಬಾರದು.

ಈ ಷರತ್ತನ್ನು ಪಾಲಿಸುವುದಕ್ಕಾಗಿಯೇ ಸೇವಾದಾರರು ತಮ್ಮ ಜಗತ್ತನ್ನು ಪ್ರದೇಶಗಳಾಗಿ, ಪ್ರತಿ ಪ್ರದೇಶವನ್ನು ಬೇರೆ ಬೇರೆ ವಿದ್ಯುತ್ತು, ಬೇರೆ ಬೇರೆ ಕಟ್ಟಡಗಳಿರುವ ವಲಯಗಳಾಗಿ ವಿಭಾಗಿಸಿದ್ದಾರೆ. ಅದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದು 2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಕಂಡಿತು. ಒವಿಎಚ್ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾಗಿ, ಒಂದು ಗಣತಿಯ ಪ್ರಕಾರ 36 ಲಕ್ಷ ಜಾಲತಾಣಗಳು ಕಣ್ಮರೆಯಾದವು. ಮೀಸಲು ಪ್ರತಿಗಾಗಿ ಹಣ ಕೊಟ್ಟಿದ್ದ ಕೆಲವು ಗ್ರಾಹಕರಿಗೆ ಆಮೇಲೆ ತಿಳಿಯಿತು, ಪ್ರತಿಯೂ ಮೂಲದ ಜೊತೆಗೇ ಉರಿದಿದೆ ಎಂದು.

ಕೆಡುವಿಕೆಯನ್ನು ತಪ್ಪಿಸುವುದಕ್ಕಿಂತ ಅದಕ್ಕೆ ಒಗ್ಗಿಕೊಳ್ಳುವ ದಾರಿ ಹಿಡಿದವರು ನೆಟ್‌ಫ್ಲಿಕ್ಸಿನವರು. 2008ರ ಆಗಸ್ಟಿನಲ್ಲಿ ಅವರ ದತ್ತಸಂಚಯ ಕೆಟ್ಟು, ಮೂರು ದಿನ ಗ್ರಾಹಕರಿಗೆ ಡಿವಿಡಿ ಕಳಿಸಲಾಗದೆ ಕೈಕಟ್ಟಿ ಕೂರಬೇಕಾಯಿತು. ಆಗ ಶುರುಮಾಡಿದ ಮೋಡದ ವಲಸೆ ಮುಗಿದದ್ದು 2016ರ ಜನವರಿಯಲ್ಲಿ. ಏಳು ವರ್ಷ ಹಿಡಿದದ್ದು ಸಾಗಣೆಗಲ್ಲ, ಮರುನಿರ್ಮಾಣಕ್ಕೆ. ಇದ್ದದ್ದನ್ನು ಇದ್ದಂತೆ ಒಯ್ಯುವ ಬದಲು ಪ್ರತಿಯೊಂದನ್ನೂ ಬಿಡಿಸಿ ಹೊಸದಾಗಿ ಕಟ್ಟಿದರು. ಆ ದಾರಿಯಲ್ಲಿ ಅವರು ಬರೆದ ‘ಕೇಯಾಸ್ ಮಂಕಿ’ ಎಂಬ ಪುಟ್ಟ ತಂತ್ರಾಂಶದ ಕೆಲಸ ವಿಚಿತ್ರವಾದದ್ದು. ಗ್ರಾಹಕರು ಸಿನಿಮಾ ನೋಡುತ್ತಿರುವಾಗಲೇ, ನಿಜವಾಗಿ ಓಡುತ್ತಿರುವ ಸರ್ವರುಗಳಲ್ಲಿ ಯಾವುದಾದರೊಂದನ್ನು ಆ ಮಂಗ ಕೊಂದುಹಾಕುತ್ತದೆ. ಒಂದು ಸಾವಿಗೇ ನಲುಗುವ ವಿನ್ಯಾಸ ಆ ಮನೆಯಲ್ಲಿ ಬಹಳ ದಿನ ಬಾಳಲಾರದು. ಮಂಗನ ಚೇಷ್ಟೆಯೆಲ್ಲ ಕಚೇರಿಯ ವೇಳೆಯಲ್ಲೇ, ಎಂಜಿನಿಯರುಗಳು ತಮ್ಮ ಕುರ್ಚಿಗಳಲ್ಲಿ ಎಚ್ಚರವಾಗಿ ಕೂತಿರುವಾಗಲೇ ನಡೆಯುವಂತೆ ಕಟ್ಟು ಮಾಡಿದ್ದರಲ್ಲಿ ಲೋಕಜ್ಞಾನವಿದೆ.

ದೂರದ ಮಾತಿಗೆ ಬಂದರೆ ಅಲ್ಲಿ ಎದುರಾಗುವುದು ಪ್ರಕೃತಿಯೇ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ವರ್ಜೀನಿಯಾಕ್ಕೆ ಭೂಮಿಯ ಮೈಮೇಲೆ ನೇರವಾಗಿ ಅಳೆದರೂ 13,700 ಕಿ.ಮೀ. ದೂರವಿರುವುದರಿಂದ, ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಏನೇ ಮಾಡಿದರೂ 137 ಮಿಲಿಸೆಕೆಂಡು ಬೇಕು. ಒಂದು ಪುಟ ತೆರೆಯಲು ನಲವತ್ತು ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳುವ ತಂತ್ರಾಂಶವಾದರೆ ಐದೂವರೆ ಸೆಕೆಂಡು ಬರಿಯ ಪ್ರಯಾಣಕ್ಕೇ ಹೋಯಿತು. ಮುಂಬೈಯಲ್ಲಿ ಅಮೆಜಾನ್ 2016ರಲ್ಲೂ ಗೂಗಲ್ 2017ರಲ್ಲೂ ತಮ್ಮ ಪ್ರದೇಶಗಳನ್ನು ತೆರೆದದ್ದಕ್ಕೆ ಇದೂ ಒಂದು ಕಾರಣ. ಅಮೆಜಾನಿನ ಒಂದು ಪ್ರದೇಶದೊಳಗಿನ ವಲಯಗಳು ಪರಸ್ಪರ 100 ಕಿ.ಮೀ. ಒಳಗೇ ಇರುತ್ತವೆ. ಬೆಂಕಿ, ಪ್ರವಾಹಗಳು ದಾಟಲಾರದಷ್ಟು ದೂರ, ಬೆಳಕು ಒಂದು ಮಿಲಿಸೆಕೆಂಡಿನಲ್ಲಿ ಹೋಗಿಬರುವಷ್ಟು ಹತ್ತಿರ. ಕೋಟ್ಯಂತರ ಡಾಲರಿನ ಕಟ್ಟಡಗಳ ನಿವೇಶನವನ್ನು ಹೀಗೆ ಬೆಳಕಿನ ವೇಗ ಗೊತ್ತುಮಾಡುತ್ತದೆ.

ಎರಡು ಕಡೆ ಪ್ರತಿ ಇಟ್ಟ ಕೂಡಲೇ ಅವೆರಡೂ ಒಂದೇ ಮಾತು ಹೇಳುತ್ತವೆಯೇ ಎಂಬ ಪ್ರಶ್ನೆ ಏಳುತ್ತದೆ. ಮಂಗಳೂರಿನ ಬಸ್ಸಿಗೆ ಒಂದೇ ಸೀಟು ಉಳಿದಿದೆ, ಬೆಂಗಳೂರು ಮತ್ತು ಹಾಸನದ ಎರಡು ಕೌಂಟರುಗಳ ನಡುವಿನ ಸಂಪರ್ಕ ಕಡಿದಿದೆ, ಎರಡೂ ಕಡೆ ಒಬ್ಬೊಬ್ಬ ಪ್ರಯಾಣಿಕ ನಿಂತಿದ್ದಾನೆ ಎನ್ನೋಣ. ಸಂಪರ್ಕ ಮರಳುವವರೆಗೆ ಟಿಕೆಟ್ ಕೊಡದಿದ್ದರೆ ಲೆಕ್ಕ ಸರಿಯಾಗಿರುತ್ತದೆ, ಸೇವೆ ನಿಲ್ಲುತ್ತದೆ. ಕೊಟ್ಟರೆ ಸೇವೆ ನಡೆಯುತ್ತದೆ, ಒಂದೇ ಸೀಟಿಗೆ ಇಬ್ಬರು ಬರುವ ಅಪಾಯವಿದೆ. ಮೂರನೆಯ ದಾರಿಯಿಲ್ಲ ಎಂದು ಗಣಕವಿಜ್ಞಾನಿ ಎರಿಕ್ ಬ್ರೂವರ್ 2000ದಲ್ಲಿ ಊಹಿಸಿದರು. ಸೇಥ್ ಗಿಲ್ಬರ್ಟ್ ಮತ್ತು ನ್ಯಾನ್ಸಿ ಲಿಂಚ್ 2002ರಲ್ಲಿ ಅದನ್ನು ಗಣಿತದಿಂದ ಸಾಧಿಸಿ ತೋರಿಸಿದರು. ಈ ಪ್ರಮೇಯದ ಸ್ವಾರಸ್ಯವಿರುವುದು ಅದು ತಂತ್ರಜ್ಞರ ಕೈಯಿಂದ ಪ್ರಶ್ನೆಯನ್ನು ಕಿತ್ತು ವ್ಯಾಪಾರಿಯ ಮುಂದೆ ಇಡುವುದರಲ್ಲಿ. ಬ್ಯಾಂಕಿನೊಂದಿಗೆ ಸಂಪರ್ಕ ಕಡಿದ ಎಟಿಎಂ ಹಣ ಕೊಡಬೇಕೇ ಬೇಡವೇ? ಒಂದು ಮಿತಿಯವರೆಗೆ ಕೊಟ್ಟು, ತಪ್ಪಿದರೆ ಆಮೇಲೆ ಸರಿಪಡಿಸಿಕೊಳ್ಳುವುದು ಲಾಭಕರ ಎಂಬ ಉದಾಹರಣೆಯನ್ನು ಬ್ರೂವರ್ ಅವರೇ ಕೊಟ್ಟಿದ್ದಾರೆ. ಅಂಗಡಿಯ ಬುಟ್ಟಿಗೆ ಒಂದು ಉತ್ತರ, ಆಸ್ಪತ್ರೆಯ ರಕ್ತದ ಗುಂಪಿಗೆ ಇನ್ನೊಂದು.

ಭದ್ರತೆಯ ವಿಚಾರದಲ್ಲಿ ಹೆಚ್ಚಿನ ಅನಾಹುತಗಳು ಗೋಡೆ ಒಡೆದು ಆದವಲ್ಲ, ಬಾಗಿಲು ತೆರೆದಿಟ್ಟು ಆದವು. ಕಟ್ಟಡ, ಯಂತ್ರ, ಹೈಪರ್‌ವೈಸರುಗಳ ಕಾವಲು ಸೇವಾದಾರನದು. ಅದರ ಮೇಲೆ ಇಟ್ಟ ದತ್ತಾಂಶ ಮತ್ತು ಅದಕ್ಕೆ ಯಾರು ಕೈಹಾಕಬಹುದೆಂಬ ಅನುಮತಿಗಳ ಕಾವಲು ಬಾಡಿಗೆದಾರನದು. 2019ರಲ್ಲಿ ಬಯಲಾದ ಕ್ಯಾಪಿಟಲ್ ಒನ್ ಬ್ಯಾಂಕಿನ ಪ್ರಕರಣದಲ್ಲಿ ತಪ್ಪಾಗಿ ಹೊಂದಿಸಿದ ಒಂದು ತಡೆಗೋಡೆ ತಂತ್ರಾಂಶದ ಮೂಲಕ ಸುಮಾರು 10 ಕೋಟಿ ಅಮೆರಿಕನ್ನರ ವಿವರಗಳು ಸೋರಿದವು. ಅದಕ್ಕೂ ಮುನ್ನ, 2014ರ ಜೂನಿನಲ್ಲಿ, ಕೋಡ್ ಸ್ಪೇಸಸ್ ಎಂಬ ಕಂಪನಿಯ ನಿಯಂತ್ರಣ ಫಲಕ ದುಷ್ಕರ್ಮಿಯ ಕೈಸೇರಿತು. ದತ್ತಾಂಶವೂ ಮೀಸಲು ಪ್ರತಿಗಳೂ ಒಂದೇ ಕೀಲಿಯ ಹಿಂದೆ ಇದ್ದುದರಿಂದ ಹೆಚ್ಚಿನದೆಲ್ಲ ಅಳಿಸಿಹೋಗಿ ಕಂಪನಿ ಬಾಗಿಲು ಹಾಕಿತು. ಬೇರೆ ಕೀಲಿ, ಬೇರೆ ಮನೆ ಎಂಬ ಹಳೆಯ ವಿವೇಕ ಉಳಿಸಿದ ಉದಾಹರಣೆಯೂ ಇದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯ ವ್ಯವಸ್ಥೆಯನ್ನು ಗೂಗಲ್ ಕ್ಲೌಡ್ ತಾನೇ ಅಳಿಸಿಬಿಟ್ಟಿತು. ಸ್ಥಾಪನೆಯ ಹೊತ್ತಿಗೆ ಯಾರೋ ಖಾಲಿ ಬಿಟ್ಟ ಒಂದು ಅಂಕಣವನ್ನು ಉಪಕರಣ ‘ಒಂದು ವರ್ಷದ ಅವಧಿ’ ಎಂದು ಓದಿಕೊಂಡಿತ್ತು. ವರ್ಷ ಮುಗಿದದ್ದೇ ತಡ, ಕೇಳದೆ ಗುಡಿಸಿಹಾಕಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ನಿಧಿ ಮತ್ತೊಂದು ಸಂಸ್ಥೆಯಲ್ಲಿ ಪ್ರತ್ಯೇಕವಾಗಿ ಇಟ್ಟಿದ್ದ ಪ್ರತಿಗಳೂ ನೆರವಾಗಿ ಎಲ್ಲವೂ ಮರಳಿ ಬಂತು.

ಬಿಲ್ಲಿನ ಕಥೆ ಬೇರೆಯೇ ಒಂದು ಬಗೆಯ ವಿನ್ಯಾಸದ ಪಾಠ. ಮೀಟರು ಹಾಕಿದ ಆಟೊ ಒಮ್ಮೊಮ್ಮೆ ಹೋಗುವವನಿಗೆ ಅಗ್ಗ, ದಿನವಿಡೀ ಓಡಾಡುವವನಿಗೆ ದುಬಾರಿ. ಏರಿಳಿತವಿಲ್ಲದ, ದೊಡ್ಡ, ಸದಾ ಒಂದೇ ಸಮನಾದ ಹೊರೆಗೆ ಮೋಡ ಹಾಗೆಯೇ. ಡ್ರಾಪ್‌ಬಾಕ್ಸ್ ತನ್ನ ಕಡತಗಳ ಬಹುಪಾಲನ್ನು ಅಮೆಜಾನಿನಿಂದ ಸ್ವಂತ ಯಂತ್ರಗಳಿಗೆ ತಂದುಕೊಂಡು ಎರಡು ವರ್ಷಗಳಲ್ಲಿ ಸುಮಾರು 7.5 ಕೋಟಿ ಡಾಲರು ಉಳಿಸಿದೆನೆಂದು 2018ರಲ್ಲಿ ಷೇರು ಮಾರುಕಟ್ಟೆಗೆ ಇಳಿಯಲು ಸಲ್ಲಿಸಿದ ದಾಖಲೆಯಲ್ಲಿ ಹೇಳಿತು. ಇನ್ನೂ ಸೋಜಿಗದ್ದು ಅಮೆಜಾನಿನ ಮನೆಯೊಳಗಿನದೇ ಮಾತು: 2023ರಲ್ಲಿ ಅದರ ಪ್ರೈಮ್ ವಿಡಿಯೊ ವಿಭಾಗದ ಒಂದು ತಂಡ, ದೃಶ್ಯದ ಗುಣಮಟ್ಟ ಪರೀಕ್ಷಿಸುವ ತನ್ನ ವ್ಯವಸ್ಥೆಯನ್ನು ಬಿಡಿ ಬಿಡಿ ಸೇವೆಗಳಿಂದ ತೆಗೆದು ಒಂದೇ ತಂತ್ರಾಂಶವಾಗಿ ಒಗ್ಗೂಡಿಸಿ ಖರ್ಚನ್ನು ಶೇ. 90ರಷ್ಟು ಇಳಿಸಿತು. ಹೋಳು ಮಾಡುವುದೇ ಆಧುನಿಕತೆ ಎಂದು ನಂಬಿದವರಿಗೆ ಇದು ಸ್ವಲ್ಪ ಮುಜುಗರದ ಸುದ್ದಿ. ದತ್ತಾಂಶವನ್ನು ಒಳಗೆ ತರುವುದು ಪುಕ್ಕಟೆಯಾಗಿ, ಹೊರಗೆ ಒಯ್ಯುವುದಕ್ಕೆ ಸುಂಕವಿರುವ ಈ ಮಾರುಕಟ್ಟೆಯಲ್ಲಿ, ಒಬ್ಬ ಸೇವಾದಾರನ ವಿಶಿಷ್ಟ ಸವಲತ್ತುಗಳನ್ನು ನೆಚ್ಚಿ ಬರೆದ ತಂತ್ರಾಂಶ ಇನ್ನೊಬ್ಬನ ಮನೆಗೆ ಸುಲಭವಾಗಿ ಒಗ್ಗುವುದೂ ಇಲ್ಲ. ಯುರೋಪಿನ ದತ್ತಾಂಶ ಕಾಯ್ದೆ 2025ರ ಸೆಪ್ಟೆಂಬರಿನಿಂದ ಈ ಬಂಧವನ್ನು ಸಡಿಲಿಸಲು ಹೊರಟಿದೆ. ಭಾರತದಲ್ಲಿ ರಿಸರ್ವ್ ಬ್ಯಾಂಕ್ 2018ರ ಏಪ್ರಿಲಿನಲ್ಲೇ ಪಾವತಿಗಳ ದತ್ತಾಂಶ ದೇಶದೊಳಗೇ ಇರಬೇಕೆಂದು ಆದೇಶಿಸಿದ್ದರಿಂದ, ವಿನ್ಯಾಸಕಾರನ ನಕ್ಷೆಯಲ್ಲಿ ಬೆಳಕಿನ ವೇಗದ ಪಕ್ಕದಲ್ಲಿ ದೇಶದ ಗಡಿಯೂ ಒಂದು ಗೆರೆಯಾಗಿ ಸೇರಿಕೊಂಡಿದೆ.

ಇಷ್ಟೆಲ್ಲ ತಿಳಿದವರೂ ಎಡವುತ್ತಾರೆ. 2017ರ ಫೆಬ್ರವರಿ 28ರಂದು ಅಮೆಜಾನಿನ ಒಬ್ಬ ನೌಕರ ಬಿಲ್ಲಿಂಗ್ ವ್ಯವಸ್ಥೆಯ ದೋಷ ಹುಡುಕುತ್ತ, ಕೆಲವೇ ಸರ್ವರುಗಳನ್ನು ತೆಗೆಯಬೇಕಿದ್ದ ಆದೇಶವನ್ನು ತಪ್ಪಾಗಿ ಟೈಪಿಸಿದ್ದರಿಂದ ಬಹಳಷ್ಟು ಸರ್ವರುಗಳು ತೆಗೆದುಹೋಗಿ, ವರ್ಜೀನಿಯಾದ ಎಸ್3 ಸೇವೆ ಸುಮಾರು ನಾಲ್ಕು ಗಂಟೆ ಸ್ತಬ್ಧವಾಯಿತು. ಸೇವೆ ಬಿದ್ದಿದೆ ಎಂದು ಲೋಕಕ್ಕೆ ತಿಳಿಸಬೇಕಿದ್ದ ಫಲಕವೂ ಅದೇ ಸೇವೆಯನ್ನು ಆಶ್ರಯಿಸಿದ್ದರಿಂದ, ಎಲ್ಲ ಸುಖವಾಗಿದೆ ಎಂಬ ಹಸಿರು ಗುರುತನ್ನೇ ಅದು ತೋರುತ್ತಿತ್ತು.

2025ರ ಅಕ್ಟೋಬರ್ 20ರಂದು ಕರ್ನಾಟಕದಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ. ವರ್ಜೀನಿಯಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಅಮೆಜಾನ್ ಅಲ್ಲಿ ಮತ್ತೆ ಎಡವಿತು, ಈ ಬಾರಿ ಮನುಷ್ಯನ ಕೈ ನಡುವೆ ಇರಲಿಲ್ಲ. ಅದರ ಡೈನಮೊಡಿಬಿ ಎಂಬ ದತ್ತಸಂಚಯ ಸೇವೆಯ ವಿಳಾಸಪಟ್ಟಿಯನ್ನು ನವೀಕರಿಸಲು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು, ಒಂದೇ ಕೆಲಸಕ್ಕೆ ಒಂದಕ್ಕಿಂತ ಹೆಚ್ಚು ಸ್ವಯಂಚಾಲಿತ ತಂತ್ರಾಂಶಗಳನ್ನು ಇಟ್ಟಿದ್ದರು. ಅವುಗಳಲ್ಲಿ ಒಂದು ಯಾಕೋ ನಿಧಾನವಾಗಿ, ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆಯಿತು. ಅದೇ ಕ್ಷಣಕ್ಕೆ ಇನ್ನೊಂದು, ಹಳೆಯ ಪಟ್ಟಿಗಳನ್ನು ಗುಡಿಸುವ ತನ್ನ ಮಾಮೂಲಿ ಕೆಲಸ ಮಾಡಿ ಅದನ್ನು ಅಳಿಸಿತು. ಉಳಿದದ್ದು ಖಾಲಿ ಹಾಳೆ. ಸರ್ವರುಗಳು ಚೆನ್ನಾಗಿದ್ದವು, ದತ್ತಾಂಶಕ್ಕೆ ಕೂದಲೂ ಕೊಂಕಿರಲಿಲ್ಲ, ದೀಪಗಳು ಮಿನುಗುತ್ತಿದ್ದವು. ಆ ಸರ್ವರುಗಳು ಎಲ್ಲಿವೆ ಎಂಬುದು ಮಾತ್ರ ಯಾರಿಗೂ ತಿಳಿಯದಾಯಿತು. ಎಂಜಿನಿಯರುಗಳು ಕೈಯಾರೆ ವಿಳಾಸ ಬರೆದ ಮೇಲೂ ಕಷ್ಟ ತೀರಲಿಲ್ಲ. ಅಷ್ಟು ಹೊತ್ತು ಕಾದಿದ್ದ ಕೆಲಸಗಳೆಲ್ಲ ಒಟ್ಟಿಗೆ ನುಗ್ಗಿ, ಒಂದನ್ನು ಮುಗಿಸುವಷ್ಟರಲ್ಲಿ ಅದರ ಗಡುವು ಮೀರಿ ಅದು ಮತ್ತೆ ಸಾಲಿನ ತುದಿಗೆ ಹೋಗಿ ನಿಲ್ಲುವಂತಾಗಿ, ಇಸಿ2 ಯಂತ್ರಗಳನ್ನು ಹಂಚುವ ವ್ಯವಸ್ಥೆ ತನ್ನ ಹೊರೆಯಲ್ಲೇ ಹೂತುಹೋಯಿತು. ಕೊನೆಗೆ ಅವರು ಒಳಹರಿವನ್ನು ತಡೆದು, ಯಂತ್ರಗಳನ್ನು ಆಯ್ದು ಆಯ್ದು ಎಬ್ಬಿಸಿ, ತೂಬನ್ನು ಸ್ವಲ್ಪ ಸ್ವಲ್ಪವೇ ಎತ್ತಿದರು. ಹೊಸ ಯಂತ್ರಗಳು ಮೊದಲಿನಂತೆ ಸಿಗತೊಡಗಿದಾಗ ಇಲ್ಲಿ ರಾತ್ರಿ ಎರಡು ದಾಟಿತ್ತು. ಹಬ್ಬದ ಹಣತೆಗಳು ಆರಿ ಬಹಳ ಹೊತ್ತಾಗಿತ್ತು.